ಬೋಳಪ್ಪನ ಕೊಕ್ಕಿನಲ್ಲಿದ್ದ ನೀಲಿ

ಪಾರ್ಲರಕ್ಕನ ಕೈಗೆ ಸಿಕ್ಕ ಹುಬ್ಬು ಬಾಗದೆ ಉಳಿದದ್ದಿಲ್ಲ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಿಗೆ ಸುತ್ತಿ ಆಕೆ ಒಮ್ಮೆ ಎಳೆದರೆ, ಕುರ್ಚಿಯಲ್ಲಿ ಕೂತವಳ ಕಣ್ಣೀರು ಕೆಳಗಿನ ಚಪ್ಪಲಿ ಅಂಗಡಿಯ ಚಾವಣಿಯಿಂದ ತೊಟ್ಟಿಕ್ಕುತ್ತಿತ್ತಂತೆ. ಅಂಗಡಿಯವನು ಸೋರಿಕೆಯ ಬಗ್ಗೆ ದೂರು ಕೊಟ್ಟದ್ದಂತೂ ನಿಜ. ಅದು ತಲೆ ತೊಳೆಯುವ ತೊಟ್ಟಿಯ ಪೈಪಿನ ಕಿತಾಪತಿ ಎಂದು ಆಕೆಯ ವಾದ. ಏನೇ ಇರಲಿ, ಅರ್ಧ ಊರಿನ ಮುಖ ಆಕೆಯ ಕೈಯಡಿಯಲ್ಲೇ ಹಾದುಹೋಗಿತ್ತು. ಉಳಿದರ್ಧ ಊರಿಗೆ ಮೀಸೆ ಇತ್ತು. ಅದರಲ್ಲೂ ಒಂದಿಷ್ಟು ಮೀಸೆಗಳು ಕಪ್ಪಾಗಲು ಹಿಂಬಾಗಿಲಿನಿಂದ ಬಂದು ಹೋಗುತ್ತಿದ್ದವು.

ಮೊಡವೆ ಮರೆಸುವುದು, ಕೆಂಪು ಇಳಿಸುವುದು, ಕಣ್ಣ ಕೆಳಗಿನ ಕಪ್ಪಿಗೆ ಬೆಳಗು ಮಾಡುವುದು. ಇದರಲ್ಲೇ ಆಕೆಯ ಕೂದಲು ನರೆತಿತ್ತು, ನರೆತದ್ದು ಯಾರಿಗೂ ಗೊತ್ತಾಗಿರಲಿಲ್ಲ. ಕ್ಯಾಮೆರಾ ಕೊಂಡದ್ದೂ ಮದುಮಗಳ ಮೇಕಪ್ಪಿನ ಫೋಟೋ ತೆಗೆದು ಗೋಡೆಗೆ ಅಂಟಿಸಲು. ಆ ಕ್ಯಾಮೆರಾದ ಹಣೆಬರಹ ಬದಲಾದದ್ದು ಒಂದು ಬೆಳಿಗ್ಗೆ.

ಅವತ್ತು ಗಿರಾಕಿಯೊಬ್ಬಳು ಮುಖಕ್ಕೆಲ್ಲ ಹಸಿರು ಮಣ್ಣು ಮೆತ್ತಿಸಿಕೊಂಡು, ನಗಬಾರದು ಮಾತಾಡಬಾರದು ಎಂಬ ಅಪ್ಪಣೆಗೆ ತಲೆಬಾಗಿ ಕೂತಿದ್ದಳು. ಕಿಟಕಿಯ ಕಡೆ ನೋಡಿದವಳೇ ಕಿಟಾರನೆ ಕಿರುಚಿದಳು. ಮುಖದ ಮಣ್ಣು ಬತ್ತಿದ ಕೆರೆಯ ಹಾಗೆ ಬಿರಿಯಿತು. ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಒಬ್ಬ ಮುದುಕ ನಿಂತಿದ್ದ. ಬೋಳು ತಲೆ, ಕೆಂಪು ಕತ್ತು, ಬೂದು ಕೋಟು, ಎರಡೂ ಕೈ ಬೆನ್ನ ಹಿಂದೆ.

"ಅಯ್ಯೋ, ಹಾರ್ಕೊಂಡ್‌ಬಿಡ್ತಾನೆ! ಯಾರಾದ್ರೂ ಹಿಡ್ಕೊಳ್ರೀ!"

ಮುದುಕ ಹಾರಿಯೇ ಬಿಟ್ಟ. ಆದರೆ ಕೆಳಗಲ್ಲ, ಮೇಲಕ್ಕೆ. ಬೆನ್ನ ಹಿಂದಿನ ಕೈ ಬಿಚ್ಚಿದರೆ ಅದು ರೆಕ್ಕೆ. ಆಳೆತ್ತರದ ಬೋಳು ಕೊಕ್ಕರೆ. ರೆಕ್ಕೆಯಗಲದ ನೆರಳಿಗೆ ಎರಡು ಬೀದಿಯ ಬಟ್ಟೆ ಅವತ್ತು ಒಣಗಲಿಲ್ಲ. ಪಾರ್ಲರಕ್ಕ ಬಾಯಲ್ಲಿದ್ದ ದಾರ ಉಗಿದು ಕ್ಯಾಮೆರಾ ಎತ್ತಿಕೊಂಡಳು. ತೆಗೆದ ಫೋಟೋದಲ್ಲಿ ಸಿಕ್ಕಿದ್ದು ಒಂದು ಕಾಲು ಮತ್ತು ಯಾರದೋ ಕೇಬಲ್ಲು. ಆದರೂ ಆಕೆ ಅದನ್ನು ಮದುಮಗಳ ಫೋಟೋಗಿಂತ ಹೆಚ್ಚು ಹೊತ್ತು ನೋಡಿದಳು. ಹಕ್ಕಿಗೆ ಬೋಳಪ್ಪ ಅಂತ ಹೆಸರಿಟ್ಟಳು.

ಬೋಳಪ್ಪನ ಕಾಯಂ ವಿಳಾಸ ಊರಾಚೆಯ ಕಸದ ಗುಡ್ಡ. ಪಾರ್ಲರಿಗೆ ರಜೆ ಇರುವ ಸೋಮವಾರಗಳಂದು ಗಂಡನ ಸ್ಕೂಟರಿನಲ್ಲಿ ಸವಾರಿ ಅಲ್ಲಿಗೆ. ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಎಲ್ಲರನ್ನೂ ಮೇಲೆತ್ತಿ ಕೆಳಗಿಳಿಸಿದರೂ ತನ್ನ ದನಿಯನ್ನು ಮಾತ್ರ ಎಂದೂ ನೆಲಮಹಡಿಯಿಂದ ಮೇಲಕ್ಕೆ ಬಿಡದ ಮನುಷ್ಯ. ಹಳೆ ಕ್ಯಾಮೆರಾ ಕೊಟ್ಟು ತಂದ ಹೊಸದರ ಲೆನ್ಸು ಎಷ್ಟು ಉದ್ದವಿತ್ತೆಂದರೆ, ಸ್ಕೂಟರು ತಿರುವು ದಾಟಿ ಒಂದು ಗಳಿಗೆಯ ಮೇಲೆ ಲೆನ್ಸಿನ ತುದಿ ತಿರುವು ದಾಟುತ್ತಿತ್ತು. ಗುಡ್ಡದ ವಾಸನೆಗೆ ಹಾರ್ನು ಕೂಡ ಮೂಗು ಮುಚ್ಚಿಕೊಂಡವರ ಹಾಗೆ ಕೂಗುತ್ತಿತ್ತು. ಪಾರ್ಲರಕ್ಕ ಮೂಗಿಗೆ ಗುಲಾಬಿ ನೀರಿನ ಬಟ್ಟೆ ಕಟ್ಟಿಕೊಂಡು ಹೊಟ್ಟೆಯ ಮೇಲೆ ಮಲಗಿಬಿಡುತ್ತಿದ್ದಳು. ಲಾರಿಗಳು ಬಂದು ಸುರಿಯುತ್ತಿದ್ದವು, ಬೋಳು ಕೊಕ್ಕರೆಗಳ ಸಭೆ ಜರುಗಿ ಜಾಗ ಕೊಡುತ್ತಿತ್ತು.

ಫೋಟೋ ತೆಗೆದರೆ ಮುಗಿಯಲಿಲ್ಲ, ಅದಕ್ಕೆ ಬಣ್ಣ ಕೂಡಿಸಬೇಕು ಎಂದು ಹೇಳಿದ್ದು ಮನೆಯ ಮಹಡಿಯ ಮೇಲಿದ್ದ ನಾದಿನಿ. ಆಕೆಗೆ ಪ್ರೆಸ್ಸಿನಲ್ಲಿ ಕೆಲಸ. ಸಾಬೂನು, ಬಿಸ್ಕತ್ತು, ಸೊಳ್ಳೆಬತ್ತಿಯ ಪೊಟ್ಟಣಗಳ ಮೇಲಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಯಾರು ಮಾಡುವವಳು. ಆಕೆ ಬಣ್ಣ ಕಟ್ಟಿದ ನಿಂಬೆಹಣ್ಣಿನ ಮುಂದೆ ಸೂರ್ಯ ಬಡವನ ಹಾಗೆ ಕಾಣುತ್ತಿದ್ದ.

"ಇಲ್ನೋಡಿ ಅತ್ತಿಗೆ. ಇದು ಕೆಂಪಿನ ಗೆರೆ, ಇದು ಹಳದಿದು, ಇದು ಹಸಿರು, ಇದು ನೀಲಿ. ಪ್ರತಿ ಗೆರೆ ಮೇಲೂ ಒಂದು ಗುಂಡಿ. ನಿಮಗೆ ಯಾವ ಬಣ್ಣದ ಮೇಲೆ ಸಿಟ್ಟಿದ್ಯೋ ಅದರ ಕಿವಿ ಮಾತ್ರ ಹಿಡಿದು ಎಳೀರಿ. ಬಲಕ್ಕೆ ಎಳೆದ್ರೆ ಉಬ್ಬುತ್ತೆ, ಎಡಕ್ಕೆ ಎಳೆದ್ರೆ ಸೊರಗುತ್ತೆ."

"ಉಳಿದ ಬಣ್ಣ ಸುಮ್ನಿರ್ತಾವಾ?"

"ಸುಮ್ನಿರ್ತಾವೆ. ನಮ್ಮನೆಯವರ ಹಾಗಲ್ಲ."

ಪಾರ್ಲರಕ್ಕ ಬೋಳಪ್ಪನ ಮುಖವನ್ನು ಪರದೆಯ ತುಂಬ ಹಿಗ್ಗಿಸಿಕೊಂಡಳು. ಕಣ್ಣಿಗೆ ಕಂಡದ್ದೇನು? ಕೆಂಪು ಗುಳ್ಳೆಗಳು. ಸುಲಿದ ಚರ್ಮ. ಕತ್ತಿನಲ್ಲಿ ಜೋಲುವ ಹಳದಿ ಚೀಲ. ಇಷ್ಟು ವರ್ಷ ಕೆಲಸ ಮಾಡಿದ ಕೈ, ಯಜಮಾನಿಯ ಅನುಮತಿಗೆ ಕಾಯಲಿಲ್ಲ. ಕೆಂಪನ್ನು ಎಡಕ್ಕೆ ಎಳೆಯಿತು. ಹಳದಿಗೆ ಬ್ಲೀಚ್ ಕೊಟ್ಟಿತು. ಕಿತ್ತಳೆಯನ್ನು ಇಳಿಸಿ ಬೆಳಕು ಏರಿಸಿತು. ಕೆಲಸ ಮುಗಿಯುವ ಹೊತ್ತಿಗೆ ಬೋಳಪ್ಪ ನಿವೃತ್ತಿಯ ದಿನ ಸನ್ಮಾನಕ್ಕೆ ಹೊರಟ ಬ್ಯಾಂಕ್ ಮ್ಯಾನೇಜರನ ಹಾಗೆ ಕಂಗೊಳಿಸುತ್ತಿದ್ದ.

ಆ ಫೋಟೋ ಹಿಡಿದುಕೊಂಡು ಆಕೆ ಹೋದದ್ದು ಊರಿನ ವನ್ಯಜೀವಿ ಛಾಯಾಗ್ರಾಹಕರ ಸಂಘಕ್ಕೆ. ಸಂಘ ಸೇರುತ್ತಿದ್ದುದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ. ಕಾರ್ಯದರ್ಶಿಯೂ ಅವರೇ. ಬಾಯಿ ತೆರೆದುಕೊಂಡು ಉತ್ತರ ಕೊಡಲಾರದವರ ಜೊತೆ ದಿನವಿಡೀ ಮಾತಾಡಿದವರಲ್ಲವೇ, ಎದುರಿನವರೂ ಮಾತಾಡಬಲ್ಲರು ಎಂಬುದು ಅವರಿಗೆ ಮರೆತೇ ಹೋಗಿತ್ತು. ವರ್ಷಕ್ಕೊಮ್ಮೆ ಪುರಭವನದಲ್ಲಿ ಸಂಘದ ಪ್ರದರ್ಶನ. ಬಾಗಿಲು ದಾಟಿದ ಕೂಡಲೇ ಎದುರಾಗುವ ಮೊದಲ ಗೋಡೆಯ ಮೇಲೆ ಪ್ರತಿ ಸಲವೂ ಡಾಕ್ಟರ ಚಿರತೆಯೇ ಮಲಗಿರುತ್ತಿತ್ತು.

ಡಾಕ್ಟರು ಕನ್ನಡಕ ಏರಿಸಿ ಬೋಳಪ್ಪನನ್ನು ನೋಡಿದರು.

"ಮೇಡಂ, ಇದಕ್ಕೆ ಫೇಶಿಯಲ್ ಮಾಡಿದ್ದೀರಾ?"

"ಹುಬ್ಬೊಂದು ಬಾಕಿ ಇದೆ ಅನ್ಸುತ್ತೆ," ಎಂದರು ಹಿಂದಿನ ಸಾಲಿನಲ್ಲಿ ಯಾರೋ. ಕೋಣೆ ನಕ್ಕ ನಗೆಗೆ ಕೆಳಗೆ ಕ್ಲಿನಿಕ್ಕಿನಲ್ಲಿ ಗಾಜಿನ ಲೋಟದೊಳಗಿದ್ದ ಹಲ್ಲಿನ ಸೆಟ್ಟು ಕೂಡ ಜೊತೆಗೂಡಿತಂತೆ.

"ಆ ಕೆಂಪು ಅದರ ಕಾಯಿಲೆಯಲ್ಲ ಮೇಡಂ," ಡಾಕ್ಟರು ಮುಂದುವರಿಸಿದರು. "ಆ ಕೆಂಪೇ ಅದು. ಪಾರ್ಲರ್ ಕೆಲಸ ಪಾರ್ಲರಲ್ಲೇ ಇರ್ಲಿ."

ಮೊದಲ ಮಾತು ನಿಜ. ಆಕೆಗೆ ಹೆಚ್ಚು ಉರಿದದ್ದು ಅದಕ್ಕೇ. ಎರಡನೆಯ ಮಾತಿಗೆ ಆಕೆ ಎದ್ದು ನಿಂತಳು.

"ತಪ್ಪಾಗಿದೆ, ತಿದ್ಕೋತೀನಿ. ಆದ್ರೆ ಒಂದು ಕೇಳ್ಕೊಳ್ಳಿ ಡಾಕ್ಟ್ರೇ. ಮುಂದಿನ ಪ್ರದರ್ಶನದಲ್ಲಿ ಆ ಮೊದಲ ಗೋಡೆ ಮೇಲೆ ನಿಲ್ಲೋನು ನಮ್ಮ ಬೋಳಪ್ಪ. ನಿಮ್ಮ ಚಿರತೆಗೆ ಈಗ್ಲೇ ಹೇಳಿಡಿ, ಸಾಮಾನು ಕಟ್ಕೊಳ್ಲಿ."

ಅಲ್ಲಿಂದ ಶುರುವಾಯಿತು ಕಲಿಕೆ. ಕಲಿಕೆ ಅನ್ನುವುದಕ್ಕಿಂತ ಕಾಳಗ ಅನ್ನಬೇಕು. ಒಣಹುಲ್ಲಿಗೆ ಜೀವ ತುಂಬೋಣವೆಂದು ಹಳದಿ ಏರಿಸಿದರೆ ಬೋಳಪ್ಪನ ಕೊಕ್ಕು ಬಾಳೆಹಣ್ಣಾಯಿತು. ಕೊಕ್ಕನ್ನು ಸರಿಮಾಡಲು ಹಳದಿ ಇಳಿಸಿದರೆ ಹುಲ್ಲಿಗೆ ಹಿಮ ಬಿತ್ತು. ಎಲೆಗಳ ಅಬ್ಬರ ತಗ್ಗಿಸಲು ಹಸಿರಿನ ಕಿವಿ ಹಿಂಡಿದ ದಿನ ಅದೇ ಮರದಲ್ಲಿದ್ದ ಗಿಳಿಗಳಿಗೆಲ್ಲ ನರೆ ಬಂತು. ಬಣ್ಣವೊಂದನ್ನು ಕರೆದರೆ ಆ ಬಣ್ಣದವರೆಲ್ಲ ಓಡಿ ಬರುತ್ತಾರೆ. ಹಕ್ಕಿ ಯಾರು, ಹುಲ್ಲು ಯಾರು ಎಂದು ಕಂಪ್ಯೂಟರಿಗೆ ಗೊತ್ತಿಲ್ಲ. ಈ ಒಂದು ಸತ್ಯ ತಲೆಗೆ ಇಳಿಯಲು ಆಕೆಗೆ ಒಂದು ಮಳೆಗಾಲ ಹಿಡಿಯಿತು.

ನಾದಿನಿಯ ಪಾಠವೂ ಪೂರ್ತಿ ನಂಬುವಂಥದ್ದಲ್ಲ. ಆಕೆಗೆ ಎಲ್ಲವೂ ಜೋರಾಗಿರಬೇಕು.

"ಇನ್ನೂ ಎಳೀರಿ ಅತ್ತಿಗೆ. ಈ ಗಿಳಿ ನೋಡಿದ್ರೆ ಯಾರೂ ಸಾಬೂನು ತಗೋಳಲ್ಲ."

"ನಿನ್ನ ಗಿಳಿ ಸಾಬೂನು ಮಾರುತ್ತೆ. ನಂದು ಮರದ ಮೇಲೆ ಕೂತ್ಕೊಳ್ಬೇಕು."

"ಹಾಗಾದ್ರೆ ನೀವೇ ಎಳ್ಕೊಳ್ಳಿ, ನನ್ನ ಯಾಕೆ ಕರೀತೀರಿ?"

"ಕಂಪ್ಯೂಟರ್ ನಿಂದಲ್ವಾ ತಾಯಿ."

ದಿನ ಕಳೆದಂತೆ ಆಕೆಯ ಬೆರಳು ಮೆತ್ತಗಾಯಿತು. ಗುಂಡಿಯನ್ನು ಗೇಣು ಗೇಣು ಎಳೆಯುತ್ತಿದ್ದವಳು ಕೂದಲೆಳೆಯಷ್ಟು ಜರುಗಿಸಿ, ಎದ್ದು ಹೋಗಿ ಪಾತ್ರೆ ತೊಳೆದು ಬಂದು, ಮತ್ತೆ ನೋಡುವುದನ್ನು ಕಲಿತಳು. ಕೆಂಪನ್ನು ಬೋಳಪ್ಪನ ತಲೆಗೆ ಮರಳಿ ಕೊಟ್ಟಳು. ಗುಳ್ಳೆ ಗುಳ್ಳೆಯೂ ಬಂತು. ಸುಕ್ಕು ಸುಕ್ಕೂ ಬಂತು. ಇದರ ಹೊಡೆತ ಪಾರ್ಲರಿನ ಮೇಲೂ ಬಿತ್ತು. ಒಮ್ಮೆ ಬೆಣ್ಣೆಯಂಥ ಗಿರಾಕಿಯೊಬ್ಬಳ ಕೆನ್ನೆ ಹಿಡಿದು, "ನಿಮ್ಮ ಕಿತ್ತಳೆ ಸ್ವಲ್ಪ ಜಾಸ್ತಿ ಇದೆ, ಆದ್ರೂ ಇರ್ಲಿ, ನೆರಳಿಗೆ ಚೆನ್ನಾಗಿದೆ" ಅಂದುಬಿಟ್ಟಳು. ಆ ಗಿರಾಕಿ ವಾರವಿಡೀ ಹಣ್ಣಿನ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಪ್ರದರ್ಶನ ಹತ್ತಿರವಾಗುತ್ತಿದ್ದಾಗ ಬೇಕಾದ ಫೋಟೋ ಸಿಕ್ಕಿತು. ಸಂಜೆ, ಗುಡ್ಡದ ನೆತ್ತಿ. ಹೊಗೆಯ ಹಿಂದೆ ಸೂರ್ಯ. ಬೋಳಪ್ಪ ಎರಡೂ ರೆಕ್ಕೆ ಬಿಚ್ಚಿ, ಕೊಕ್ಕಿನಲ್ಲಿ ಏನೋ ಕಚ್ಚಿಕೊಂಡು, ಇಡೀ ಊರು ತನ್ನ ಮಾತು ಕೇಳಲು ಬಂದಿದೆ ಎಂಬಂತೆ ನಿಂತಿದ್ದ. ರೆಕ್ಕೆಯ ಒಳಮೈಯಲ್ಲಿ ಮೋಡದ ನೀಲಿ. ಕಾಲ ಕೆಳಗೆ ಪ್ಲಾಸ್ಟಿಕ್ಕಿನ ನೀಲಿ. ಚೀಲ, ಹಾಳೆ, ಹಗ್ಗ, ಗುಡ್ಡವಿಡೀ ನೀಲಿ ನೀಲಿ.

ಸುದ್ದಿ ಹೇಗೋ ಹೋಗಿ ಡಾಕ್ಟರೇ ಪಾರ್ಲರಿನ ಮೆಟ್ಟಿಲು ಹತ್ತಿ ಬಂದರು. ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದವಳೊಬ್ಬಳು ಟವೆಲ್ಲಿನ ಕೆಳಗೆ ಮಾಯವಾದಳು. ಪಾರ್ಲರಕ್ಕ ಕ್ಯಾಮೆರಾದ ಪರದೆ ತಿರುಗಿಸಿ ತೋರಿಸಿದಳು. ಡಾಕ್ಟರು ಸುಮ್ಮನಾದರು. ಅವರು ಸುಮ್ಮನಾದದ್ದನ್ನು ನೋಡಿದವರು ಊರಲ್ಲಿ ಬೇರೆ ಯಾರೂ ಇಲ್ಲ. ಟವೆಲ್ಲಿನ ಕೆಳಗಿದ್ದವಳೊಬ್ಬಳೇ ಸಾಕ್ಷಿ, ಅವಳೂ ನೋಡಲಿಲ್ಲ, ಕೇಳಿದಳು.

"ಮೊದಲ ಗೋಡೆ," ಎಂದರು ಕೊನೆಗೆ. "ಮಾತೇ ಇಲ್ಲ ಮೇಡಂ. ನನ್ನ ಚಿರತೆ ಎದ್ದು ಹೋಗುತ್ತೆ. ಒಂದೇ ಒಂದು ಕೆಲಸ ಮಾಡಿ. ಆ ನೀಲಿ ತೆಗೀರಿ."

"ಯಾಕೆ?"

"ಕಣ್ಣಿಗೆ ಹೊಡಿಯುತ್ತೆ. ಜನ ಪ್ರದರ್ಶನಕ್ಕೆ ಕಾಡು ನೋಡೋಕೆ ಬರ್ತಾರೆ. ಕಸದ ಬುಟ್ಟಿ ಅವರ ಮನೇಲೇ ಇದೆಯಲ್ಲ?"

ಮಾತು ಒಪ್ಪುವಂತೆಯೇ ಇತ್ತು. ಕಣ್ಣಿಗೆ ಹೊಡೆಯುವುದನ್ನು ತಗ್ಗಿಸುವುದು ಆಕೆಯ ಅನ್ನದ ಕೆಲಸ. ಮೊದಲ ಗೋಡೆಯೋ, ಕೈಚಾಚಿದರೆ ಸಿಗುವ ಹಾಗೆ ಬಂದು ನಿಂತಿತ್ತು. ಸಂಜೆ ಮಹಡಿ ಹತ್ತಿದವಳೇ ನೀಲಿಯ ಗುಂಡಿಯನ್ನು ಎಡಕ್ಕೆ ತಳ್ಳಿದಳು. ಪ್ಲಾಸ್ಟಿಕ್ಕು ಬೂದಿಯಾಯಿತು. ಜೊತೆಗೆ ರೆಕ್ಕೆಯೂ ಸತ್ತು ಹಳೆ ಛತ್ರಿಯಾಯಿತು.

"ರೆಕ್ಕೆಗೆ ಮಾಸ್ಕ್ ಮಾಡಿ ಅತ್ತಿಗೆ," ಎಂದಳು ನಾದಿನಿ. "ಅದರ ಸುತ್ತ ಮಾತ್ರ ಬೇಲಿ ಹಾಕಿದ್ರೆ ಒಳಗಿನ ನೀಲಿ ಉಳಿಯುತ್ತೆ. ಹೊರಗಿಂದು ಸಾಯುತ್ತೆ."

"ತಲೆಗೆ ಬಣ್ಣ ಹಚ್ಚೋ ಮುಂಚೆ ಹಣೆಗೆ, ಕಿವಿಗೆ ಕೋಲ್ಡ್ ಕ್ರೀಮ್ ಸವರ್ತೀವಲ್ಲ, ಬಣ್ಣ ಹಿಡೀಬಾರ್ದು ಅಂತ. ಹಾಗಾ?"

"ಹಾಗೇ. ಇಷ್ಟು ದಿನ ಇದನ್ನ ಹೇಳ್ದೆ ನಾನು ಯಾಕೆ ಗಂಟಲು ಹರ್ಕೊಂಡೆ?"

ಪಾರ್ಲರಕ್ಕ ಗರಿ ಗರಿಯ ಅಂಚಿಗೂ ಕೋಲ್ಡ್ ಕ್ರೀಮ್ ಸವರಿದ ಹಾಗೆ ಬೇಲಿ ಬರೆದಳು. ಆಮೇಲೆ ನೀಲಿಯನ್ನು ತಳ್ಳಿದಳು. ಆಹಾ! ರೆಕ್ಕೆ ಮೋಡದ ಬಣ್ಣದಲ್ಲೇ ಉಳಿಯಿತು, ಕೆಳಗಿನ ಕಸವೆಲ್ಲ ಬಂಡೆಗಲ್ಲಾಯಿತು. ಮನುಷ್ಯನೇ ಹುಟ್ಟದ ಕಾಲದ ಬೆಟ್ಟದ ಮೇಲೆ ಬೋಳಪ್ಪ ಚಕ್ರವರ್ತಿಯ ಹಾಗೆ ನಿಂತಿದ್ದ. ಇಷ್ಟು ಚೆಂದದ ಕೆಲಸ ಆಕೆಯ ಕೈಯಿಂದ ಮೊದಲು ಆಗಿರಲಿಲ್ಲ. ಆಕೆ ನಾದಿನಿಯನ್ನು ತಬ್ಬಿಕೊಂಡಳು. ನಾದಿನಿ ಗಾಬರಿಯಾದಳು, ಆ ಮನೆಯಲ್ಲಿ ಅದು ರೂಢಿಯಿರಲಿಲ್ಲ. ಫೋಟೋ ಆ ಕ್ಷಣವೇ ಡಾಕ್ಟರಿಗೆ ಹೋಯಿತು.

ಮರುದಿನ ಪಾರ್ಲರಿಗೆ ಡಾಕ್ಟರ ಫೋನು ಬಂತು. ದನಿಯ ಸಡಗರಕ್ಕೆ ಫೋನು ಕಿವಿಯಲ್ಲಿ ಕುಣಿಯಿತು.

"ಮೇಡಂ, ನಿನ್ನೆ ನಾನು ಗಮನಿಸ್ಲೇ ಇಲ್ಲ! ಬಾಯಲ್ಲಿ ಮೀನು! ಬೆಳ್ಳಿ ಹಾಗೆ ಹೊಳೀತಿದೆ. ಫೋಟೋಗೆ ಹೆಸರೂ ಇಟ್ಟಾಯ್ತು. 'ಸಂಜೆಯ ಬೇಟೆ'. ದೊಡ್ಡದಾಗಿ ಪ್ರಿಂಟಿಗೆ ಕಳಿಸಿದ್ದೀನಿ."

"ಯಾವ ಮೀನು ಡಾಕ್ಟ್ರೇ? ಆ ಗುಡ್ಡದಲ್ಲಿ ನೀರೇ ಇಲ್ಲ."

"ಎಲ್ಲಿಂದಲೋ ಹಿಡಿದು ತಂದಿದೆ ಬಿಡಿ."

ಆಕೆ ಗಿರಾಕಿಯನ್ನು ಅರ್ಧ ಹುಬ್ಬಿನಲ್ಲಿ ಬಿಟ್ಟು ಮನೆಗೆ ಓಡಿದಳು. ಆ ಗಿರಾಕಿ ಅವತ್ತು ಒಂದು ಕಣ್ಣಿನಲ್ಲಿ ಮಾತ್ರ ಆಶ್ಚರ್ಯಪಡುತ್ತ ಊರು ಸುತ್ತಿದಳು. ಪರದೆಯ ಮೇಲೆ ಕೊಕ್ಕನ್ನು ಹಿಗ್ಗಿಸಿ ನೋಡಿದರೆ ಹೌದು, ಮೀನೇ. ಬೆಳ್ಳಿ ಬೂದು ಮೈ, ಸುಕ್ಕುಸುಕ್ಕಾದ ಬಾಲ. ಸಾಯಿಸಿದ ನೀಲಿಯನ್ನು ಮೆಲ್ಲಗೆ ಬಲಕ್ಕೆ ಎಳೆದಳು. ಮೀನಿಗೆ ನೀಲಿ ಏರಿತು. ಬಾಲದ ಸುಕ್ಕು ಎಲಾಸ್ಟಿಕ್ಕಿನ ನಿರಿಗೆಯಾಯಿತು. ತಲೆಗೆ ಬಣ್ಣ ಹಚ್ಚಿದ ಮೇಲೆ ಕೂದಲು ಮುಚ್ಚುವ ತೆಳು ಪ್ಲಾಸ್ಟಿಕ್ ಕ್ಯಾಪು. ಒಮ್ಮೆ ತೊಡಿಸಿ ಬುಟ್ಟಿಗೆ ಎಸೆಯುವಂಥದ್ದು. ಪಾರ್ಲರಿನ ಕಪಾಟಿನಲ್ಲಿ ಅದರ ಕಟ್ಟು ಕಟ್ಟು ಇದ್ದವು.

ಅದರ ಮುಂದಿನ ಫೋಟೋಗಳನ್ನು ತೆರೆದಳು. ಒಂದರಲ್ಲಿ ಬೋಳಪ್ಪ ಕೊಕ್ಕನ್ನು ಆಕಾಶಕ್ಕೆ ಎತ್ತಿದ್ದ. ಮುಂದಿನದರಲ್ಲಿ ಕತ್ತಿನ ಚೀಲ ಉಬ್ಬಿತ್ತು. ಅದರ ಮುಂದಿನದರಲ್ಲಿ ಕೊಕ್ಕು ಖಾಲಿ.

"ಊರಲ್ಲಿ ನಿಮ್ಮದೊಂದೇ ಪಾರ್ಲರಾ?" ನಾದಿನಿ ಸಮಾಧಾನ ಮಾಡಿದಳು. "ಯಾರದೋ ಇರ್ಬೇಕು."

"ಇರ್ಬೋದು. ನಂದಲ್ಲ ಅನ್ನೋಕೆ ನಂಗೆ ಬಾಯಿ ಬರ್ತಿಲ್ಲ."

ಡಾಕ್ಟರಿಗೆ ಫೋನು ಮಾಡಿದಳು. "ಡಾಕ್ಟ್ರೇ, ಅದು ಮೀನಲ್ಲ, ಪ್ಲಾಸ್ಟಿಕ್ ಕ್ಯಾಪು. ನುಂಗಿಬಿಟ್ಟಿದೆ. ನೀಲಿ ಇರೋ ಫೋಟೋ ಕಳಿಸ್ತೀನಿ, ಅದನ್ನೇ ಹಾಕಿ."

"ಮೇಡಂ, ಅದು ನಿಮಗೆ ಗೊತ್ತು. ಈಗ ನನಗೂ ಗೊತ್ತು. ಗೋಡೆಗೆ ಗೊತ್ತಾ? ಪ್ರಿಂಟಿಗೆ ಹೋಗಾಯ್ತು, ಫ್ರೇಮಿಗೂ ಹೇಳಾಯ್ತು."

"ಸುಳ್ಳಲ್ವಾ ಅದು?"

"ನೀವು ದಿನಾ ಮಾಡೋದೂ ಇದನ್ನೇ ಅಲ್ವಾ ಮೇಡಂ? ಮುಚ್ಚೋದು!" ಡಾಕ್ಟರು ನಕ್ಕು ಫೋನಿಟ್ಟರು. ಪಾರ್ಲರಕ್ಕ ಬಾಯಿ ತೆರೆದುಕೊಂಡೇ ಕೂತಳು, ಅವರ ರೋಗಿಗಳ ಹಾಗೆ.

ಸೋಮವಾರ ಗುಡ್ಡಕ್ಕೆ ಹೋದರು. ಬೋಳು ತಲೆಗಳು ಬೇಕಾದಷ್ಟಿದ್ದವು. ಬೋಳಪ್ಪ ಅವುಗಳಲ್ಲಿ ಇದ್ದನೋ ಇಲ್ಲವೋ, ಆಕೆಗೆ ಹೇಳಲಾಗಲಿಲ್ಲ. ಇಷ್ಟು ದಿನ ಗುರುತು ಸಿಗುತ್ತಿದೆ ಎಂದುಕೊಂಡಿದ್ದೇ ಭ್ರಮೆಯಿರಬಹುದು. ವಾಪಸು ಬರುವಾಗ ಗಂಡನ ಬೆನ್ನಿಗೆ ಕೇಳಿದಳು. "ರೀ, ಸುಮ್ನೆ ಇದ್ಬಿಡ್ಲಾ? ಮೊದಲ ಗೋಡೆ ಅದು. ನನ್ನ ಹೆಸರು ಕೆಳಗಡೆ ಬರ್ದಿರ್ತಾರೆ."

ಸ್ಕೂಟರು ಎರಡು ತಿರುವು ದಾಟಿತು. ಆಮೇಲೆ ಉತ್ತರ ಬಂತು.

"ಲಿಫ್ಟ್ ಮಧ್ಯದಲ್ಲಿ ನಿಂತಾಗ, ಒಳಗಿದ್ದೋರಿಗೆ ನೀವು ಮೇಲೆ ಹೋಗ್ತಾ ಇದ್ದೀರಿ ಅಂತ ಹೇಳೋಕಾಗುತ್ತಾ?"

ಆತ ಆ ವರ್ಷ ಆಡಿದ ಅತಿ ಉದ್ದದ ಮಾತು ಅದು. ಪಾರ್ಲರಕ್ಕ ಆತನ ಹೆಗಲು ತಟ್ಟಿ ಸ್ಕೂಟರನ್ನು ನೇರ ನಾದಿನಿಯ ಪ್ರೆಸ್ಸಿಗೆ ಬಿಡಿಸಿದಳು.

ನೀಲಿ ಇದ್ದ ಫೋಟೋ ದೊಡ್ಡ ಯಂತ್ರದಿಂದ ಅಂಗುಲ ಅಂಗುಲವಾಗಿ ಹೊರಬಂತು. ನಾದಿನಿಗೆ ಈಗ ಅತ್ತಿಗೆಗಿಂತ ಹೆಚ್ಚು ರೋಷ. "ನೀಲಿ ಇನ್ನೊಂಚೂರು ಏರಿಸ್ಲಾ ಅತ್ತಿಗೆ? ಹೊಡೆದ್ರೆ ಸರಿಯಾಗಿ ಹೊಡೀಲಿ. ಆ ಡಾಕ್ಟ್ರ ಕಣ್ಣು ಪುರಭವನದಿಂದ ಎದ್ದು ಹೊರಗೆ ಓಡ್ಬೇಕು."

"ಬೇಡ. ಎಷ್ಟಿತ್ತೋ ಅಷ್ಟೇ. ಕೂದಲೆಳೆಯಷ್ಟೂ ಕಡಿಮೆ ಬೇಡ, ಹೆಚ್ಚೂ ಬೇಡ."

ಪ್ರದರ್ಶನದ ಬೆಳಿಗ್ಗೆ ಪುರಭವನದ ಬಾಗಿಲು ತೆರೆದ ಹೊತ್ತಿಗೆ ಮೊದಲ ಗೋಡೆಯ ಮೇಲೆ ಬೋಳಪ್ಪ ಬಂಡೆಗಳ ನೆತ್ತಿಯಲ್ಲಿ ಮೀನು ಕಚ್ಚಿ ನಿಂತಿದ್ದ. ಮೇಲೊಂದು ಹಳದಿ ದೀಪ. ಕೆಳಗೆ ಬಂಗಾರದ ಅಕ್ಷರದಲ್ಲಿ ಆಕೆಯ ಹೆಸರು. ಸಂಘದವರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು, ಅವತ್ತು ನಕ್ಕವರೂ ಸೇರಿ. ಸುಳ್ಳೇಕೆ, ಹಾಗೇ ತಿರುಗಿ ನಮಸ್ಕಾರ ಹೇಳಿ ಟೀ ಕುಡಿಯಲು ಹೋಗಿಬಿಡೋಣವೆಂದು ಆಕೆಗೆ ಅನ್ನಿಸಿದ್ದೂ ಉಂಟು.

ಹಿಂದೆ ಗಂಡ ಏಣಿ ಹಿಡಿದು ನಿಂತಿದ್ದ. ಪಾರ್ಲರಕ್ಕ ಏಣಿ ಹತ್ತಿ ಫ್ರೇಮಿಗೆ ಕೈ ಹಾಕಿದಳು.

"ಏನು ಮಾಡ್ತಿದ್ದೀರಿ ಮೇಡಂ!" ಡಾಕ್ಟರು ಓಡಿ ಬಂದರು.

"ಕೆಳಗೆ ನನ್ನ ಹೆಸರಿದೆ ಡಾಕ್ಟ್ರೇ. ಹೆಸರು ಅಳಿಸಿ, ಇಲ್ಲಾ ಫೋಟೋ ಇಳಿಸೋಕೆ ಬಿಡಿ. ಈ ಬಂಡೆ ನಾನು ಮಾಡಿದ್ದು. ಈ ಮೀನೂ ನಾನೇ ಮಾಡಿದ್ದು. ದೇವರು ಮಾಡಿದ್ದು ಈ ಹಕ್ಕಿ ಒಂದೇ."

"ಬಣ್ಣ ತಿದ್ದದೆ ಯಾರು ಫೋಟೋ ಹಾಕ್ತಾರೆ? ನನ್ನ ಚಿರತೆಗೂ ಕಿತ್ತಳೆ ಏರಿಸಿದ್ದೀನಿ!"

"ಏರಿಸಿ. ನಾನೂ ಏರಿಸ್ತೀನಿ, ಇಳಿಸ್ತೀನಿ. ಕೆಂಪನ್ನ ಕೆಂಪಾಗಿ ಕಾಣ್ಸೋಕೆ ತಿದ್ದೋದು ಬೇರೆ, ಕ್ಯಾಪನ್ನ ಮೀನು ಮಾಡೋದು ಬೇರೆ."

"ಮುಚ್ಚೋದೇ ನಿಮ್ಮ ಕಸುಬು ಅಂದ್ರೆ ಕೋಪ ಬರುತ್ತೆ!"

ಆಕೆ ಏಣಿಯ ಮೇಲಿಂದಲೇ ತಿರುಗಿದಳು. ಅವತ್ತು ಸಿಗದ ಉತ್ತರ ಇವತ್ತು ತಾನಾಗಿ ಬಂತು.

"ನನ್ನ ಹತ್ರ ಬರೋಳು ಕುರ್ಚೀಲಿ ಕೂತು, ಅಕ್ಕಾ ಇದನ್ನ ಮುಚ್ಚು ಅಂತ ಅವಳೇ ಕೇಳ್ತಾಳೆ. ಮುಖ ಅವಳದು, ಮೊಡವೆ ಅವಳದು. ಇವನು ಯಾವಾಗ ನಿಮ್ಮ ಕುರ್ಚೀಲಿ ಬಂದು ಕೂತ? ಆ ನೀಲಿ ಇವನ ಮೈಮೇಲಿನ ಕಲೆ ಅಲ್ಲ. ಅದು ನಮ್ಮದು. ನಮ್ಮ ಕಲೆ ಮುಚ್ಕೊಳ್ಳೋಕೆ ಇವನ ಮುಖಕ್ಕೆ ಯಾಕೆ ಪೌಡರ್ ಹಚ್ತೀರಿ?"

ಗೋಡೆಗಳ ಮೇಲಿನ ಫೋಟೋಗಳಲ್ಲಿದ್ದ ಆನೆಗಳು ಕೂಡ ಉಸಿರು ಬಿಗಿಹಿಡಿದವು. ಮೀನಿನ ಫೋಟೋ ಕೆಳಗಿಳಿಯಿತು. ಗಂಡ ನೀಲಿಯ ಫೋಟೋ ಕೈಗೆ ಕೊಟ್ಟ. ಅದು ಮೊಳೆಗೆ ತಗುಲುವಷ್ಟರಲ್ಲಿ ಡಾಕ್ಟರು ದನಿ ತಗ್ಗಿಸಿ, ಬಹಳ ಮೆತ್ತಗೆ, ಹಲ್ಲು ಕೀಳುವ ಮುಂಚೆ ಹೇಳುವ ದನಿಯಲ್ಲಿ ಹೇಳಿದರು.

"ಇದು ಈ ಗೋಡೆ ಮೇಲೆ ಇರೋಲ್ಲ ಮೇಡಂ. ಸಂಘದ ತೀರ್ಮಾನ. ಹಿಂದಿನ ಕೋಣೇಲಿ, ಕುರ್ಚಿ ಜೋಡಿಸಿಡೋ ಜಾಗದಲ್ಲಿ ಬೇಕಾದ್ರೆ ಹಾಕೋಣ."

ಪಾರ್ಲರಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ಚಪ್ಪಲಿ ನೋಡಿಕೊಂಡರು. ಕೆಲವರ ಹುಬ್ಬು ತನ್ನದೇ ಕೈಕೆಲಸ ಎಂಬುದು ಆಗ ಆಕೆಯ ಕಣ್ಣಿಗೆ ಬಿತ್ತು.

"ಸರಿ," ಎಂದಳು. ಫೋಟೋ ತಗುಲಿಸದೆ ಏಣಿ ಇಳಿದಳು.

ಮೊದಲ ಗೋಡೆಯ ಮೊಳೆಗೆ ಚಿರತೆ ಮರಳಿ ಬಂತು. ಆಸೆಪಟ್ಟದ್ದು ಹೋಯಿತು. ಆದರೆ ಮನೆಗೆ ಹೋಗುವ ಬದಲು ಪಾರ್ಲರಕ್ಕ ಪುರಭವನದ ಮೆಟ್ಟಿಲ ಮೇಲೆ, ಬರುವವರಿಗೆ ಎದುರಾಗಿ, ಬೋಳಪ್ಪನನ್ನು ಎದೆಯ ಮುಂದೆ ಹಿಡಿದು ನಿಂತಳು. ಫ್ರೇಮು ಆಕೆಗಿಂತ ಅಗಲ. ದೂರದಿಂದ ನೋಡಿದವರಿಗೆ ರೆಕ್ಕೆ ಬಂದ ಹೆಂಗಸೊಬ್ಬಳು ನಿಂತ ಹಾಗೆ ಕಾಣುತ್ತಿತ್ತು. ಬಂದವರು ನಿಂತರು. ನಿಂತವರ ಹಿಂದೆ ಇನ್ನಷ್ಟು ಜನ ನಿಂತರು. ಒಳಗೆ ಹೋಗಬೇಕಾದ ಸಾಲು ಮೆಟ್ಟಿಲಿನಿಂದ ರಸ್ತೆಗಿಳಿದು, ರಸ್ತೆಯಿಂದ ಬಸ್ ನಿಲ್ದಾಣ ದಾಟಿ, ಪಕ್ಕದ ಊರಿನ ಗಡಿಯಲ್ಲಿ ತಿರುಗಿತು ಎನ್ನುವವರಿದ್ದಾರೆ. ಅಷ್ಟಿರಲಿಕ್ಕಿಲ್ಲ. ಬಸ್ ನಿಲ್ದಾಣದವರೆಗೆ ಖಂಡಿತ ಇತ್ತು.

ಊರುಗೋಲಿನ ಅಜ್ಜಿಯೊಬ್ಬಳು ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. "ಇದೇನಮ್ಮ ಇವನ ಬಾಯಲ್ಲಿ?"

"ಪ್ಲಾಸ್ಟಿಕ್ ಕ್ಯಾಪು ಅಜ್ಜಿ. ತಲೆಗೆ ಬಣ್ಣ ಹಚ್ಚಿದ ಮೇಲೆ ತೊಡ್ಸೋದು."

"ಉಗುಳಿದ್ನಾ?"

"ಇಲ್ಲ. ನುಂಗಿದ."

"ಯಾರು ಎಸ್ದಿದ್ದು?"

"ಗೊತ್ತಿಲ್ಲ. ನಾನೇ ಇರ್ಬೋದು."

ಅಜ್ಜಿ ತನ್ನ ಕಪ್ಪು ಕೂದಲನ್ನು ಮುಟ್ಟಿ ನೋಡಿಕೊಂಡಳು. ಒಳಗೆ ಹೋಗಲಿಲ್ಲ, ಮೆಟ್ಟಿಲ ಮೇಲೆ ಪಾರ್ಲರಕ್ಕನ ಪಕ್ಕದಲ್ಲೇ ಕೂತಳು.

ಅಷ್ಟರಲ್ಲಿ ಖಾಲಿ ಸಭಾಂಗಣದಿಂದ ಡಾಕ್ಟರು ಹೊರಗೆ ಬಂದರು. "ಮೇಡಂ, ಜನ ಒಳಗೇ ಬರ್ತಿಲ್ಲ. ಬಿಸಿಲು ಬೇರೆ. ಒಳಗೆ ಬನ್ನಿ, ಕೂತು ಮಾತಾಡೋಣ."

"ಬರ್ತೀನಿ ಡಾಕ್ಟ್ರೇ. ಇವನೂ ಬರ್ತಾನೆ. ಎಲ್ಲಿ ನಿಲ್ಸ್ತೀರಿ ಹೇಳಿ."

ಡಾಕ್ಟರು ಹಿಂದಿನ ಕೋಣೆಯ ಕಡೆ ಕೈ ತೋರಿಸಿದರು, ತೋರಿಸಿದ ಕೈಯನ್ನು ತಾವೇ ಇಳಿಸಿಕೊಂಡರು.

"ಹಾಗಾದ್ರೆ ಇಲ್ಲೇ ಚೆನ್ನಾಗಿದೆ. ಬೆಳಕಿದೆ," ಎಂದಳು ಪಾರ್ಲರಕ್ಕ.

"ಕೈ ನೋಯಲ್ವಾ? ಕೊಡು, ನಾನು ಹಿಡ್ಕೋತೀನಿ," ಎಂದ ಗಂಡ.

"ಇರ್ಲಿ ಬಿಡಿ," ಎನ್ನುತ್ತ, ಹಿಂದೆ ನಿಂತವರಿಗೂ ಕೊಕ್ಕಿನ ತುದಿ ಕಾಣಲೆಂದು ಆಕೆ ಬೋಳಪ್ಪನನ್ನು ಇನ್ನೊಂದು ಗೇಣು ಮೇಲೆತ್ತಿ ಹಿಡಿದಳು.